ಪುಟ್ಟ ಹಾಸಿಗೆಯ ಹತ್ತಿ

ಬೀದಿಗೆ ಮುಖ ಮಾಡಿದ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ನಡುವೆ ಒಂದು ಪರದೆ. ಹಾಸಿಗೆ ಹೊಲಿಯುವ ಆತ ಬೆಳಗಿನಿಂದ ದಬ್ಬಳ ಹಿಡಿದು ಕೂತಿದ್ದನೇ ಹೊರತು ಕಿವಿಯೆಲ್ಲ ಪರದೆಯ ಆಚೆಗೇ ಇತ್ತು. ಒಳಗೆ ಹೆಂಡತಿ ಮಂಚದಡಿ, ಅಟ್ಟ, ಬೀರು ಎನ್ನದೆ ಹುಡುಕಿದಲ್ಲೇ ಹುಡುಕುತ್ತಿದ್ದಳು. ಮಧ್ಯಾಹ್ನದ ಬಸ್ಸಿಗೆ ತಾಯಿಯ ಮನೆಗೆ ಹೊರಡುವುದಾಗಿ ನಿನ್ನೆಯೇ ಹೇಳಿದ್ದಳು. ಯಾವಾಗ ಬರುತ್ತೀ ಎಂದು ಕೇಳಿದ್ದಕ್ಕೆ ಉತ್ತರ ಕೊಟ್ಟಿರಲಿಲ್ಲ.

ದಿಂಬು ಕೊಡಲು ಬಂದ ಪಕ್ಕದ ಬೀದಿಯ ಅಜ್ಜಿ ಅವನ ಹೊಲಿಗೆ ನೋಡಿ ನಕ್ಕಳು. "ಏನಪ್ಪಾ, ಹಾಸಿಗೆ ಹೊಲೀತಿದ್ದೀಯೋ, ಬೇಲಿ ಕಟ್ತಿದ್ದೀಯೋ?"

ಅಜ್ಜಿ ಹೋದ ಮೇಲೆ ಅವನು ಬಿಚ್ಚಿದ. ಮತ್ತೆ ಹೊಲಿದ. ಮತ್ತೂ ಸೊಟ್ಟ.

ಮೂರು ತಿಂಗಳ ಹಿಂದೆ ಅವರಿಗೊಂದು ಗಂಡು ಮಗು ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದೇ ದಿನ ಉಸಿರಾಡಿ ಹೋಗಿಬಿಟ್ಟಿತು. ಆಕೆ ಇನ್ನೂ ಅಲ್ಲಿಯೇ ಮಲಗಿದ್ದಾಗ ಇವನು ಮಸೀದಿಯ ಹಿರಿಯರೊಂದಿಗೆ ಹೋಗಿ ಮಣ್ಣು ಮಾಡಿ ಬಂದ. ಆಮೇಲೆ ಆ ಮಾತನ್ನೇ ಬಾಯಿಗೆ ತರಲಿಲ್ಲ. ಆಕೆ ಎತ್ತಿದರೆ, "ಕೊಟ್ಟವನು ವಾಪಸ್ ತಗೊಂಡ, ಸಬರ್ ಮಾಡು," ಎನ್ನುವನು. ತಾಳ್ಮೆ ತಂದುಕೋ ಎಂದಷ್ಟೇ ಹೇಳಿ, ಆಕೆ ಇನ್ನೊಂದು ಮಾತು ಆಡುವಷ್ಟರಲ್ಲಿ ಮಸೀದಿಯ ಹಾದಿ ಹಿಡಿಯುವನು. ನಮಾಜಿಗೆ ಎಲ್ಲರಿಗಿಂತ ಮುಂಚೆ ಹೋಗಿ, ಎಲ್ಲರೂ ಎದ್ದ ಮೇಲೂ ಕೂತಿರುವನು. ಜನ ಮೆಚ್ಚಿದರು. ಅಲ್ಲಿ ಎದೆ ಹಗುರಾಗುತ್ತಿದ್ದದ್ದೂ ಸುಳ್ಳಲ್ಲ. ಆದರೆ ಮನೆಯ ಹೊಸ್ತಿಲಿಗೆ ಬಂದರೆ ಮತ್ತೆ ಅದೇ ಭಾರ.

ಪರದೆ ಸರಿಯಿತು. ಆಕೆಯ ಕೈಯಲ್ಲಿ ಚೀಲವಿತ್ತು.

"ಅವನಿಗೆ ಅಂತ ಒಂದು ಪುಟ್ಟ ಹಾಸಿಗೆ ಹೊಲಿದಿದ್ರಲ್ಲ, ಅದೆಲ್ಲಿ?"

"ಈಗ ಅದ್ಯಾಕೆ? ನೋಡಿದಷ್ಟೂ ಸಂಕಟ. ಸಬರ್..."

"ಆ ಮಾತನ್ನ ನನ್ನ ಬಾಯಿಗೆ ತುರುಕೋ ಬಟ್ಟೆ ಮಾಡ್ಕೊಂಡಿದ್ದೀರಿ. ಮಗನಿಗಾಗಿ ಅತ್ತೂ ಅತ್ತೂ ಕಣ್ಣೇ ಕಳಕೊಂಡ ಪೈಗಂಬರರ ಕಥೆ, ಮದುವೆಯಾದ ಹೊಸದರಲ್ಲಿ ನೀವೇ ಹೇಳಿದ್ರಿ. ಅವರಿಗೆ ಸಬರ್ ಇರಲಿಲ್ವಾ?"

"ನಾನೂ ಅಳ್ತಾ ಕೂತ್ರೆ ಮನೆ ನಡೆಯೋದು ಹೇಗೆ? ನಿನ್ನ ಸಲುವಾಗಿಯೇ ಗಟ್ಟಿಯಾಗಿದ್ದೆ. ಐದು ಹೊತ್ತೂ ನಿನಗೋಸ್ಕರ ದುವಾ ಕೇಳ್ತಿದ್ದೀನಿ."

"ಏನಂತ?"

"ಅವಳಿಗೆ ಸಬರ್ ಕೊಡು ಅಂತ."

"ನನಗೆ. ನಿಮಗೇನೂ ಆಗೇ ಇಲ್ಲ ಅನ್ನೋ ಹಾಗೆ. ನಾನೂ ಅದೇ ಅಲ್ಲಾಹನ ಹತ್ರ ಕೇಳ್ತೀನಿ ರೀ, ಈ ಮನುಷ್ಯ ಒಂದು ಸಲ ನನ್ನ ಪಕ್ಕ ಕೂತು ನಮ್ಮ ಮಗನ ಮಾತಾಡಲಿ ಅಂತ."

ಅಷ್ಟರಲ್ಲಿ ಅಜಾನ್ ಕೇಳಿಸಿತು. ಅವನ ಕಾಲುಗಳು ತಾವಾಗಿಯೇ ಎದ್ದವು. ಆಕೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಹೋಗಿ ಬನ್ನಿ. ನೀವು ಬರೋ ಹೊತ್ತಿಗೆ ನಾನಿರಲ್ಲ."

ಬೈದಿದ್ದರೆ ಅವನು ಹೋಗಿಬಿಡುತ್ತಿದ್ದ. ಹಾಗೆ ದಾರಿ ಬಿಟ್ಟದ್ದೇ ಕಾಲು ಕಟ್ಟಿತು.

"ಅದನ್ನ ಬಿಚ್ಚಿಬಿಟ್ಟೆ," ಎಂದ. "ನೀನು ಮನೆಗೆ ಬರೋ ಮುಂಚೆ. ಕಂಡರೆ ಸಂಕಟಪಡ್ತೀಯ ಅಂತ. ಹತ್ತೀನ ಯಾರದೋ ದಿಂಬಿಗೆ ತುಂಬಿದೆ. ಯಾರದು ಅಂತಾನೂ ನೆನಪಿಲ್ಲ. ಅವತ್ತು ನನಗೆ ಕಣ್ಣೇ ಕಾಣ್ತಿರಲಿಲ್ಲ."

ಆಕೆ ಹತ್ತಿಯ ರಾಶಿಯ ಮೇಲೆ ಕೂತಳು. ಆಮೇಲೆ ಕೇಳಿದಳು, "ನನ್ನ ಕೈಗೆ ಅವನನ್ನ ಯಾರೂ ಕೊಡಲೇ ಇಲ್ಲ. ನೀವು ಎತ್ಕೊಂಡು ಹೋದ್ರಲ್ಲ. ಎಷ್ಟು ಭಾರ ಇದ್ದ?"

ತಕ್ಕಡಿಯಿಲ್ಲದೆ ಹತ್ತಿಯ ತೂಕ ಹೇಳಬಲ್ಲ ಮನುಷ್ಯ ಅವನು. ಹೇಳಲೆಂದು ಎರಡೂ ಕೈ ಚಾಚಿದ. ಕೈ ಚಾಚಿದ ಹಾಗೇ ಇತ್ತು, ಮೂರು ತಿಂಗಳ ಅಳು ಒಮ್ಮೆಗೇ ನುಗ್ಗಿ ಬಂತು. ಸಬರ್ ಮಾಡಿ ಎಂದು ಆಕೆ ಹೇಳಲಿಲ್ಲ. ಅವನ ತೋಳು ಹಿಡಿದು ತಾನೂ ಅತ್ತಳು.

"ಅವನಿರೋ ಜಾಗ ತೋರಿಸಿ," ಎಂದಳು ಕೊನೆಗೆ.

ಇಬ್ಬರೂ ಮನೆಯಲ್ಲೇ ನಮಾಜು ಮುಗಿಸಿ ಹೊರಟರು. ಚೀಲ ಅವನ ಹೆಗಲಲ್ಲಿತ್ತು. ಖಬರಸ್ತಾನದ ಗೋಡೆ ಮೋಟು. ಹೆಂಗಸರು ಒಳಗೆ ಹೋಗುವ ವಾಡಿಕೆಯಿಲ್ಲದ್ದರಿಂದ ಹೊರಗಿನಿಂದಲೇ ಅವನು ತೋರಿಸಿದ: ಆ ಮೂಲೆಯಲ್ಲಿ, ಬಿಳಿ ಕಲ್ಲಿನ ಪಕ್ಕ, ಗೇಣುದ್ದದ ಮಣ್ಣಿನ ಉಬ್ಬು. ದುವಾ ಕೇಳಲು ಆಕೆಯೇ ಕೈ ಎತ್ತಿದಳು.

"ಯಾ ಅಲ್ಲಾಹ್, ನಮ್ಮಿಬ್ಬರಿಗೂ ಇನ್ನೂ ಅಳು ಬಾಕಿ ಇದೆ. ಒಬ್ಬರ ಮುಂದೆ ಒಬ್ಬರು ಅಳೋ ಹಾಗೆ ಮಾಡು."

"ಆಮೀನ್," ಎಂದ. ಇನ್ನೊಮ್ಮೆ ಹೇಳಿದ.

ಹಿಂದಿರುಗುವಾಗ ಆಕೆ, "ಅಮ್ಮನಿಗೆ ಫೋನ್ ಮಾಡಿ. ಇವತ್ತು ಬರಲ್ಲ ಅನ್ನಿ," ಎಂದಳು.

"ನಾಳೆ?"

"ನಾಳೆದು ನಾಳೆ. ಅವನ ಕಣ್ಣು ಯಾರ ಹಾಗಿತ್ತು, ಮೊದಲು ಅದು ಹೇಳಿ. ನನಗೆ ಇನ್ನೂ ಕೇಳೋದಿದೆ."