ಎರಡು ಸಲ ಎಣಿಸಿದ ನೀರು

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ನದಿಯ ಹರಿವು ಲೆಕ್ಕ ಹಾಕುವ ಮಾದರಿ ಒಬ್ಬರದು, ಅಂತರ್ಜಲದ ಮಾದರಿ ಇನ್ನೊಬ್ಬರದು. ಜನ ಎಲ್ಲಿ ಎಷ್ಟು ನೀರು ಬಳಸುತ್ತಾರೆ ಎಂಬುದರ ಮಾದರಿ ಮೂರನೆಯವರದು. ಮೂರನ್ನೂ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸುವ ಕೆಲಸ ನನ್ನದು.

ನದಿಯ ಮಾದರಿ ಮಾಡಿದ ಹಿರಿಯರು ಸೇತುವೆಯ ಬಳಿ ಅಳೆದ ಹರಿವಿಗೆ ತಮ್ಮ ಲೆಕ್ಕ ಹೊಂದಿಸಿದ್ದರು. ನೆಲದಿಂದ ಜಿನುಗಿ ನದಿ ಸೇರುವ ನೀರೂ ಅದರಲ್ಲೇ ಬಂದುಬಿಟ್ಟಿತ್ತು. ಅದೇ ನೀರನ್ನು ಅಂತರ್ಜಲದ ಮಾದರಿಯಿಂದ ತಂದು ನಾನು ಮತ್ತೊಮ್ಮೆ ಕೂಡಿಸಿದೆ. ಅವರನ್ನು ಒಂದು ಮಾತು ಕೇಳಬಹುದಿತ್ತು. ಸಂಜೆ ಕಾಲೇಜಿನಲ್ಲಿ ಓದಿದವನಿಗೆ ಇಷ್ಟೂ ಗೊತ್ತಿಲ್ಲವೇ ಅಂದಾರು ಎಂದು ಕೇಳಲಿಲ್ಲ.

ಇಲ್ಲದ ಆ ನೀರನ್ನು ನಂಬಿ, ಕಾಲುವೆಯ ತುದಿಯ ಬಡಾವಣೆಗೆ ಬೇಸಿಗೆಯಿಡೀ ದಿನ ಬಿಟ್ಟು ದಿನ ನೀರು ಎಂದು ಕಚೇರಿ ಮಾತು ಕೊಟ್ಟಿತು. ನನ್ನ ಅಕ್ಕನ ಲಾಂಡ್ರಿ ಇರುವುದು ಅಲ್ಲೇ. ಅವಳು ಟ್ಯಾಂಕರಿನವನಿಗೆ ಇನ್ನು ಬರಬೇಡ ಅಂದಳು.

ಈ ತಿಂಗಳು ಸೇತುವೆಯ ಬಳಿ ಅಳತೆ ಒಂದು, ನಮ್ಮ ಲೆಕ್ಕ ಇನ್ನೊಂದು. ಆಗ ನನ್ನ ತಪ್ಪು ಸಿಕ್ಕಿತು. ಸಾಹೇಬರ ಕೋಣೆಗೆ ಹೋಗಿ ಹೇಳಿದೆ.

"ಸರಿಮಾಡಿ ನೋಡಿದ್ಯೇನಪ್ಪಾ?"

"ನೋಡ್ದೆ ಸಾರ್. ಇನ್ನು ಕೆಲವೇ ದಿನ, ಆಮೇಲೆ ತುದಿಗೆ ಏನೂ ಮುಟ್ಟಲ್ಲ."

"ಕಾಲುವೆಯ ಮೇಲಿನ ಗೇಟು ಇಳಿಸಿದ್ರೆ?"

"ಆಸ್ಪತ್ರೆ ಕಡೆ ಒಣಗುತ್ತೆ. ಬಾವಿಗಳಿಂದ ಎತ್ತಿದ್ರೆ ನದಿ ಬತ್ತುತ್ತೆ. ನಲವತ್ತೊಂದು ಥರ ಮಾಡಿ ನೋಡ್ದೆ ಸಾರ್."

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ," ಎಂದರು ಸಾಹೇಬರು. "ನೀನು ತಪ್ಪೇ ಮಾಡದಿದ್ರೂ ನೀರು ಇರ್ತಿರ್ಲಿಲ್ಲ. ತುದಿ ಮುಚ್ಚಬೇಕು ಅಂತ ವರದಿ ತಿದ್ದಿ ಕೊಡು."

ಬೈದಿದ್ದರೆ ವಾಸಿಯಿತ್ತು. ತಿದ್ದಿ ಕೊಟ್ಟು, ಮೆಟ್ಟಿಲ ಬಳಿ ನಿಂತು ಅಕ್ಕನಿಗೆ ಫೋನ್ ಮಾಡಿದೆ.

"ಏನ್ರೀ ಇಂಜಿನಿಯರ್ ಸಾಹೇಬ್ರೇ, ಹಗಲು ಹೊತ್ತಲ್ಲಿ ಅಕ್ಕನ ನೆನಪು?"

"ಅಕ್ಕಾ, ಟ್ಯಾಂಕರಿನವನನ್ನ ವಾಪಸ್ ಕರಿ."

"ಯಾಕೋ? ನಿಮ್ಮ ಕಂಪ್ಯೂಟರ್ ನೀರು ಕುಡಿದ್ಬಿಡ್ತಾ?"

"ನಂದೇ ತಪ್ಪು. ಇದ್ದಿದ್ದನ್ನೇ ಎರಡು ಸಲ ಲೆಕ್ಕ ಹಾಕ್ದೆ."

ಅವಳ ಹಿಂದೆ ಒಗೆಯುವ ಯಂತ್ರಗಳು ತಿರುಗುವ ಸದ್ದು ಕೇಳುತ್ತಿತ್ತು.

"ಅವನು ಆಸ್ಪತ್ರೆಗೆ ನೀರು ಹಾಕೋಕೆ ಒಪ್ಕೊಂಡಾಯ್ತು ಕಣೋ. ಬೇರೆಯವ್ರೂ ಮಳೆವರೆಗೂ ಖಾಲಿಯಿಲ್ಲ. ಇನ್ನೆಷ್ಟು ದಿನ ನೀರು ಬರುತ್ತೆ?"

"ಒಂಬತ್ತು."

"ಅಷ್ಟೇನಾ?"

"ಅಷ್ಟೇ ಅಕ್ಕಾ."

ಅವಳು ಫೋನ್ ಇಡಲಿಲ್ಲ. ಕೌಂಟರಿನ ಬಳಿ ಬಂದ ಯಾರಿಗೋ ಹೇಳುವುದು ಕೇಳಿಸಿತು: "ಇಲ್ಲಮ್ಮ, ಗಂಟು ಬಿಚ್ಬೇಡಿ. ಒಳಗಿರೋದನ್ನ ಒಗೆಯೋಕೇ ನೀರು ಸಾಲಲ್ಲ, ಇವತ್ತಿಂದ ಬಟ್ಟೆ ತಗೋತಿಲ್ಲ."