ವಿಭೂತಿ ಬಣ್ಣದ ಮರಿಗಳು

ಎರಡೇ. ಎಷ್ಟು ಸಲ ಎಣಿಸಿದರೂ ಎರಡೇ. ಆರು ಕರಿ ಮರಿಗಳ ನಡುವೆ ವಿಭೂತಿ ಬಣ್ಣದವು ಎರಡು.

ನಾಲ್ಕು ವರ್ಷ ಹುಂಜ, ಹೇಟೆ ಆರಿಸಿ ಕೂಡಿಸಿದ್ದರ ಫಲ. ಟಿಕೋಟಾದ ಶಾಲೆಯಲ್ಲಿ ಮೂವತ್ತು ವರ್ಷ ಅನುವಂಶೀಯತೆಯ ಪಾಠ ಹೇಳಿದ ಯಲಗೂರಪ್ಪನಿಗೆ ಈಗ ಮೊದಲ ಬಾರಿ ಆ ಪಾಠ ನಿಜವೆನಿಸಿತು.

"ಈ ಬಣ್ಣದ ಕೋಳಿ ಇದ್ರ ಯಾರೂ ಕುತಗಿ ಕೊಯ್ಯಾಂಗಿಲ್ಲ ನೋಡ್ರಿ" ಎಂದು ಮಲಕವ್ವ ವಿಭೂತಿಗಟ್ಟಿ ಹಿಡಿದು ನಕ್ಕಿದ್ದಳು. ಶಿವ ಆಕೆಯನ್ನು ಕರೆಸಿಕೊಂಡು ವರ್ಷವಾಯಿತು. ತಳಿಗೆ ಆಕೆಯದೇ ಹೆಸರು. ಕೋಳಿಗೆ ಹೆಂಡತಿಯ ಹೆಸರು! ಇದ್ದಿದ್ದರೆ ಕಸಬರಿಗೆ ಎತ್ತುತ್ತಿದ್ದಳು.

ಹಳೆಯ ಶಿಷ್ಯ ದಶರಥ ಬಬಲೇಶ್ವರದಲ್ಲಿ ದನದ ಡಾಕ್ಟರ. ಅವನು ಕಣ್ಣಾರೆ ನೋಡಿ ಸಹಿ ಹಾಕಿದರೆ ಹೊಸ ತಳಿಯ ಅರ್ಜಿ ಸಂಶೋಧನಾ ಕೇಂದ್ರಕ್ಕೆ ಹೋಗುತ್ತಿತ್ತು. ನಾಳೆ ಅವನಿಗೆ ಬೀದರಿಗೆ ವರ್ಗ. ಇಂದೇ ಆಗಬೇಕು.

"ಆಶಾಬಿ, ಹದ್ದು ಸುತ್ತಾಕತ್ತೈತಿ. ಮರಿ ನೋಡ್ಕೋ" ಎಂದು ಪಕ್ಕದ ಮನೆಯವಳಿಗೆ ಹೇಳಿ ಬಸ್ ನಿಲ್ದಾಣಕ್ಕೆ ನಡೆದ.

"ನಾ ಇದ್ದೀನಲ್ರಿ ಮಾಸ್ತರ."

ದಶರಥನೊಂದಿಗೆ ಮರಳಿದಾಗ ಅಂಗಳದಲ್ಲಿ ಆರು ಕರಿ ಮರಿಗಳಿದ್ದವು. ಎರಡು ಗುಲಾಬಿ. ಕಡುಗುಲಾಬಿ.

"ಕರೇವು ಹದ್ದಿಗೆ ಕಾಣಾಂಗಿಲ್ರಿ. ಇವೆರಡಕ್ಕ ಎರಗಾಕ ಬಂದಿತ್ತು." ಆಶಾಬಿಯ ಕೈಯೂ ಗುಲಾಬಿಯಾಗಿತ್ತು. "ಬಣ್ಣ ಹಚ್ಚಿದ್ರ ಅಂಜತೈತಿ. ನಮ್ಮವ್ವ ಹಿಂಗ ಮಾಡ್ತಿದ್ಲು."

ದಶರಥ ನಗು ತಡೆದ. "ಇದೇನ್ರಿ ಸರ, ಹೊಸ ಬಣ್ಣ? ವಿಜಯಪುರ ಸಂತ್ಯಾಗ ಹತ್ತು ರೂಪಾಯಿಗೊಂದು ಸಿಗ್ತಾವಲ್ರಿ."

ತಡೆದ ನಗು ಹೊರಬಿತ್ತು. ಆಶಾಬಿಯೂ ನಕ್ಕಳು. ಯಲಗೂರಪ್ಪನೂ ನಕ್ಕ. ಬೇರೆ ಯಾರೋ ನಕ್ಕಂತೆ ಅವನಿಗೆ ಕೇಳಿಸಿತು.

"ತೊಳದ್ರ?"

"ಥಂಡಿ ಹಿಡದು ಸಾಯ್ತಾವ್ರಿ ಸರ."

"ಒಳಗಿನ ಬಣ್ಣ ನನಗ ಗೊತ್ತೈತಲ್ಲೋ."

"ಕಾಣದ್ದಕ್ಕ ಹೆಂಗ ಸಹಿ ಹಾಕ್ಲಿ ಸರ? ನೋಡದ ನಂಬಬ್ಯಾಡ್ರಿ ಅಂತ ನೀವ ಕಲಿಸೀರಿ."

ಶಿಷ್ಯ ಪಾಠ ಮರೆತಿರಲಿಲ್ಲ. ಚಹಾಕ್ಕೂ ನಿಲ್ಲದೆ, ಕಾಲಿಗೆ ನಮಸ್ಕರಿಸಿ ಹೋದ. ಅರ್ಜಿ ಕಿಸೆಯಲ್ಲೇ ಉಳಿಯಿತು.

ಹದ್ದು ಕೆಳಗಿಳಿಯಿತು. ಗುಲಾಬಿ ಮರಿಗಳನ್ನು ನೋಡಿ, ಅನುಮಾನಿಸಿ, ಮೇಲೆದ್ದಿತು.

"ನೋಡ್ರಿ, ಅಂಜ್ತು!" ಆಶಾಬಿ ಚಪ್ಪಾಳೆ ತಟ್ಟಿದಳು.

ಅಂಜಿತ್ತು, ಆದರೆ ಹೋಗಲಿಲ್ಲ. ಅಂಗಳದಲ್ಲಿ ಈಗ ವಿಭೂತಿ ಬಣ್ಣವೆಂದು ಉಳಿದದ್ದು ಯಲಗೂರಪ್ಪನ ತಲೆಗೂದಲು ಮಾತ್ರ. ರೆಕ್ಕೆಯ ನೆರಳು ಮರಿಗಳನ್ನು ಬಿಟ್ಟು ಅವನ ಸುತ್ತ ತಿರುಗತೊಡಗಿತು.

ಅವನು ಮೇಲೆ ನೋಡಲಿಲ್ಲ.

"ಆಶಾಬಿ, ಆ ಬಣ್ಣ ಇನ್ನೂ ಒಂಚೂರು ಉಳದೈತೇನು?"