ಹಂಪಮ್ಮನ ಒಪ್ಪಿಗೆ

ಹೈದರಾಬಾದಿನ ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಗಳ ಹಿಂದೆ, ಕನ್ನಡ ಸಂಘದ ಮಹಡಿಯ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಏಳು ಮಕ್ಕಳು ಫೋನಿನಲ್ಲಿ ಕಥೆ ಹೇಳುವುದನ್ನು ಕಲಿಯುತ್ತಿದ್ದರು. ಕಲಿಸುವವನು ವಿಶ್ವಜಿತ್. ಬೇಗಂಪೇಟೆಯ ಕಚೇರಿಯೊಂದರಲ್ಲಿ ವಾರವಿಡೀ ದುಡಿದು, ರಜೆಯ ದಿನ ತನ್ನ ಎರಡು ಹಳೆಯ ಫೋನುಗಳನ್ನು ಚಾರ್ಜ್ ಮಾಡಿಕೊಂಡು ಬರುತ್ತಿದ್ದ. ಮಕ್ಕಳ ಚಿತ್ರಗಳ ಕೆಳಗೆ ಮೂಡುವ ಕನ್ನಡ ಸಾಲುಗಳನ್ನು ತಿದ್ದಿಕೊಡುವವರು ಅಂಬುಬಾಯಿ; ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಎಪ್ಪತ್ತೆರಡರ ಮೊಣಕಾಲಿಗೆ ಆ ಮೆಟ್ಟಿಲು ಭಾರವೆಂದು ಅವರು ಯಾರ ಮುಂದೂ ಹೇಳಿರಲಿಲ್ಲ. ಆದರೂ ಮೂರನೆಯ ವಾರದಿಂದ ಮೆಟ್ಟಿಲ ತಿರುವಿನಲ್ಲಿ ಒಂದು ಸ್ಟೂಲು ಇರತೊಡಗಿತು. ಯಾರು ಇಟ್ಟರೆಂದು ಅವರು ಕೇಳಲಿಲ್ಲ, ಇಟ್ಟವರು ಹೇಳಲೂ ಇಲ್ಲ.

ಮಕ್ಕಳಿಗೆ ಕೊಟ್ಟ ಕೆಲಸ ಇದು: ಮನೆಯವರೊಬ್ಬರ ದುಡಿಮೆಯ ಬಗ್ಗೆ ಎರಡು ನಿಮಿಷದ ಚಿತ್ರ. ಕೆಲವರು ಅಪ್ಪನ ಆಟೋ ತೆಗೆದಿದ್ದರು, ಕೆಲವರು ಅಜ್ಜಿಯ ರೊಟ್ಟಿ. ಒಂಬತ್ತನೆಯ ತರಗತಿಯ ಭಾಗ್ಯಶ್ರೀ ಮಾತ್ರ ಒಂದು ಗೋಡೆಯನ್ನು ತೆಗೆದಿದ್ದಳು.

ಅವಳ ಅಪ್ಪ ಅವ್ವ ಯಾದಗಿರಿ ಕಡೆಯವರು. ಶಂಶಾಬಾದಿನಲ್ಲಿ ಏಳುತ್ತಿದ್ದ ಹೊಸ ಅಪಾರ್ಟ್‌ಮೆಂಟಿನ ಬಳಿಯ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದರು. ಹುಡುಗಿ ಶಾಲೆಯ ಹಾಸ್ಟೆಲಿನಲ್ಲಿದ್ದು ಭಾನುವಾರ ಅಲ್ಲಿಗೆ ಹೋಗುತ್ತಿದ್ದಳು. ಅಪ್ಪ ಸಂಗಣ್ಣ, ಗುಂಡು ಕಟ್ಟಿದ ದಾರ ಇಳಿಬಿಟ್ಟು ನೆಟ್ಟಗಿದೆಯೇ ಎಂದು ನೋಡುತ್ತ ಗೋಡೆ ಕಟ್ಟುತ್ತಿದ್ದ. ಅವ್ವ ಹಂಪಮ್ಮ, ಕಟ್ಟಿದ ಗೋಡೆ ಗಟ್ಟಿಯಾಗಲೆಂದು ಬೆಳಿಗ್ಗೆ ಸಂಜೆ ಅದಕ್ಕೆ ನೀರು ಹೊಡೆಯುತ್ತಿದ್ದಳು. ಭಾಗ್ಯಶ್ರೀ ಮೂರು ಭಾನುವಾರ ಇಟ್ಟಿಗೆಗಳ ನಡುವೆ ಫೋನು ಸಿಕ್ಕಿಸಿ ಆ ನೀರನ್ನೇ ಹಿಡಿದಿದ್ದಳು. ಪೈಪಿನ ನೀರು ಬಿದ್ದೊಡನೆ ಬೂದು ಗೋಡೆ ಕಪ್ಪಾಗುತ್ತದೆ. ಹಂಪಮ್ಮ ಅದಕ್ಕೆ ಅಂಗೈ ಇಟ್ಟು, ಜ್ವರ ಬಂದ ಮಗುವಿನ ಹಣೆ ನೋಡಿದ ಹಾಗೆ ನೋಡುತ್ತಾಳೆ. ಸಾಲದೆನಿಸಿದರೆ ಮತ್ತೆ ಹೊಡೆಯುತ್ತಾಳೆ. ಬಳಿಕ ಒಂದು ಗಂಟೆಯ ಬಿಸಿಲು ಹತ್ತು ಸೆಕೆಂಡಿನಲ್ಲಿ ಓಡಿ, ತೇವ ಮೇಲಿನಿಂದ ಕೆಳಗೆ ಇಳಿದು ಹೋಗುತ್ತದೆ, ಕೊನೆಗೆ ಅಂಗೈಯ ಗುರುತಷ್ಟೇ ಉಳಿಯುತ್ತದೆ. ಅಂಬುಬಾಯಿ ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಹದಿನಾಲ್ಕರ ಹುಡುಗಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತೆಂದು ಅವರಿಗೆ ಸೋಜಿಗ.

ಮುಂದಿನ ಭಾನುವಾರ ಸಂಜೆ ಮನೆಯವರನ್ನೆಲ್ಲ ಕರೆದು ಚಿತ್ರಗಳನ್ನು ತೋರಿಸುವುದಿತ್ತು. ಅದಕ್ಕೆ ಎಂಟು ದಿನ ಮೊದಲು ವಿಶ್ವಜಿತ್ ಅಂಬುಬಾಯಿಯವರನ್ನು ಪಕ್ಕಕ್ಕೆ ಕರೆದು, ಭಾಗ್ಯಶ್ರೀಯ ಚಿತ್ರವನ್ನು ತೋರಿಸುವ ಹಾಗಿಲ್ಲ ಎಂದ.

ಚಿತ್ರದಲ್ಲಿ ಕಾಣುವವರು ಮೊದಲು ಕ್ಯಾಮೆರಾದ ಮುಂದೆ ತಮ್ಮ ಹೆಸರು, ತಂದೆಯ ಇಲ್ಲವೇ ಗಂಡನ ಹೆಸರು ಹೇಳಿ, ತೋರಿಸಲು ಒಪ್ಪಿಗೆ ಕೊಡಬೇಕು. ಇದು ಅವನೇ ಮಾಡಿದ ನಿಯಮ. ಬಡವರನ್ನು ಕೇಳದೆ ಅವರ ಮುಖ ತೋರಿಸುವವರನ್ನು ಅವನು ಬಹಳ ಕಂಡಿದ್ದ. ಹಂಪಮ್ಮನ ತುಣುಕನ್ನು ಅವನು ಫೋನಿನಲ್ಲಿ ಹಾಕಿದ. ಹೆಸರೇನೆಂದು ಮಗಳು ಕೇಳುತ್ತಾಳೆ, ಹಂಪಮ್ಮ ಹೇಳುತ್ತಾಳೆ. ಗಂಡನ ಹೆಸರೇನೆಂದು ಕೇಳುತ್ತಾಳೆ. ಹಂಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮುಖ ತಿರುಗಿಸಿ ಹೊರಟುಬಿಡುತ್ತಾಳೆ. ನಾಲ್ಕು ಸಲವೂ ಹಾಗೆಯೇ.

“ಅವರಿಗೆ ಇಷ್ಟ ಇಲ್ಲ ಮೇಡಂ,” ಎಂದ ವಿಶ್ವಜಿತ್. “ಮಗಳ ಸಲುವಾಗಿ ಬಾಯಿ ಬಿಟ್ಟು ಹೇಳಾಕತ್ತಿಲ್ಲ. ನಾವು ಒತ್ತಾಯ ಮಾಡಬಾರದು.”

ಭಾಗ್ಯಶ್ರೀ ತಲೆ ತಗ್ಗಿಸಿ ಚೀಲದ ಜಿಪ್ಪು ಎಳೆಯುತ್ತ ಕುಳಿತಿದ್ದಳು. ಆ ತುಣುಕನ್ನು ಮೊದಲು ನೋಡಿದವನು ತರಗತಿಯಲ್ಲಿ ಅವಳ ಪಕ್ಕ ಕೂರುವ ಮನೋಜ. “ನಿಮ್ಮವ್ವಗ ನಿಮ್ಮಪ್ಪನ ಹೆಸರ ಗೊತ್ತಿಲ್ಲೇನು?” ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಅಂದಿನಿಂದ ಅವಳು ಕಾರಣ ಹೇಳಲು ಬಾಯಿ ತೆರೆದಿರಲಿಲ್ಲ. ಚಿತ್ರ ಬಿದ್ದುಹೋದರೂ ಸರಿ, ಅವ್ವನನ್ನು ನೋಡಿ ಮತ್ತೆ ಯಾರೂ ನಗಬಾರದು.

ಅಂಬುಬಾಯಿಗೆ ಮಾತ್ರ ಕಾರಣ ಮೊದಲ ಸಲಕ್ಕೇ ತಿಳಿದಿತ್ತು. ಬಿ.ಎ. ಪಾಸು ಮಾಡಿದ ಅವರೂ ಗಂಡನನ್ನು ನಲವತ್ತಮೂರು ವರ್ಷ “ಇಲ್ಲಿ ಕೇಳ್ರಿ” ಎಂದೇ ಕರೆದವರು. ಗಂಡ ತೀರಿಕೊಂಡ ಮೇಲೆ ಬ್ಯಾಂಕಿನ ಹುಡುಗಿ ಅವರ ಹೆಸರು ಕೇಳಿದಾಗ ನಾಲಿಗೆ ಏಳದೆ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆ ಹುಡುಗಿ ಏನೂ ಕೇಳದೆ, ತಾನೂ ದನಿ ಎತ್ತಿ ಓದದೆ ಬರೆದುಕೊಂಡಿದ್ದನ್ನು ಅವರು ಇಂದಿಗೂ ಮರೆತಿಲ್ಲ. ಹೆಂಡತಿ ಗಂಡನ ಹೆಸರು ಹಿಡಿಯಬಾರದು. ಹಿಡಿಯಲೇಬೇಕಾದರೆ ಒಡಪು ಕಟ್ಟಿ, ಪದ್ಯದೊಳಗೆ ಇಟ್ಟು ಹೇಳಬೇಕು. ಇದನ್ನೆಲ್ಲ ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ವಿಶ್ವಜಿತ್‌ಗೆ ಹೇಳಿದಾಗ ಅವನು ನಾಚಿ, ಹಾಗಾದರೆ ಗಂಡನ ಹೆಸರಿನ ಪ್ರಶ್ನೆಯನ್ನೇ ಬಿಟ್ಟುಬಿಡೋಣ ಎಂದ.

“ಬಿಡೋದು ಸುಲಭ ಅದ,” ಎಂದರು ಅಂಬುಬಾಯಿ. “ಆದ್ರ ಆಕೀ ಮನಸ್ಸಿನಾಗ ಏನದ ಅಂತ ಆಕೀನ್ನ ಕೇಳಬೇಕಲ್ಲ? ನಾಳೆ ನಾ ಹೋಗಿ ಬರ್ತೀನಿ.”

ಮರುದಿನ ಬೆಳಿಗ್ಗೆ ಹುಡುಗಿಯ ಜೊತೆ ಬಸ್ಸು ಹತ್ತಿ ಅವರು ಶಂಶಾಬಾದಿಗೆ ಹೋದರು. ಅಲ್ಲಿ ಭಾನುವಾರವೂ ಕೆಲಸ ನಡೆದಿತ್ತು. ಸಂಗಣ್ಣ ಆರನೆಯ ಮಹಡಿಯಲ್ಲಿದ್ದ. ಹಂಪಮ್ಮ ಪೈಪು ಬಿಟ್ಟು ಬಂದು, ಶೆಡ್ಡಿನಲ್ಲಿದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ಹೊರಗೆ ಹಾಕಿ, ಅಂಬುಬಾಯಿಯವರನ್ನು ಕೂರಿಸಿದಳು; ಬಿಸಿಲು ಸರಿದಾಗಲೆಲ್ಲ ಅವರನ್ನು ಏಳಿಸಿ ಕುರ್ಚಿಯನ್ನು ನೆರಳಿಗೆ ಸರಿಸುತ್ತಿದ್ದಳು. ತಾನು ಮಾತ್ರ ಇಟ್ಟಿಗೆಯ ಮೇಲೆ ಕುಳಿತಳು.

ಚಿತ್ರ ತೋರಿಸುವುದು ಬೇಡವೆ ಎಂದು ಅಂಬುಬಾಯಿ ನೇರವಾಗಿಯೇ ಕೇಳಿದರು.

“ನಾ ಯಾವಾಗ ಬ್ಯಾಡ ಅಂದೀನ್ರಿ ಅಮ್ಮಾರ?” ಎಂದಳು ಹಂಪಮ್ಮ. “ಹನ್ನೊಂದು ವರ್ಷಾತು ಗ್ವಾಡಿಗಿ ನೀರ ಹೊಡಿಯಾಕತ್ತೀನಿ. ಇದೂ ಒಂದ ಕೆಲಸ ಅಂತ ನನ್ನ ಮಗಳ ಒಬ್ಬಾಕಿನ ನೋಡ್ಯಾಳ. ತೋರಸ್ರಿ. ಆದ್ರ ಅವರ ಹೆಸರ ಹ್ಯಾಂಗ ಹಿಡೀಲಿ? ಬಾಯಾಗ ಬರಂಗಿಲ್ಲ.”

ಹೆಸರು ಬಿಟ್ಟರೂ ನಡೆಯುತ್ತದೆ, ಒಪ್ಪಿಗೆ ಎಂದಷ್ಟೇ ಹೇಳಿದರೆ ಸಾಕೆಂದು ಅಂಬುಬಾಯಿ ತಿಳಿಸಿದರು. ಹಂಪಮ್ಮ ಒಪ್ಪಲಿಲ್ಲ. ಗೋಡೆ ಕಟ್ಟಿದವರ ಹೆಸರಿಲ್ಲದೆ ನೀರು ಹೊಡೆದವಳ ಹೆಸರು ಮಾತ್ರ ಇದ್ದರೆ ಅದು ಚಂದವಲ್ಲ ಎಂದಳು. ಹಾಗಾದರೆ ಒಡಪು ಹಾಕು ಎಂದರೆ, ಮದುವೆಯಲ್ಲಿ ಹೇಳಿದ್ದು ಮರೆತೇಹೋಗಿದೆ, ಈಗ ಹೊಸದು ಕಟ್ಟಲು ತನಗೆಲ್ಲಿ ಬರುತ್ತದೆ ಎಂದು ನಕ್ಕಳು.

ಆಗ ಅಂಬುಬಾಯಿ ಸೆರಗು ಸರಿಮಾಡಿಕೊಂಡು, ಹೊಸ ಮದುಮಗಳಂತೆ ನೆಲ ನೋಡುತ್ತ ಹೇಳಿದರು:

“ಹಿತ್ತಾಳಿ ಹಂಡೇಕ ಹಚ್ಚೀನಿ ಹುಣಸಿಹಣ್ಣ,
ಶ್ರೀನಿವಾಸರಾಯರ ದಾರಿ ಕಾಯ್ತಾವ ನನ್ನ ಕಣ್ಣ.”

ಗಂಡನ ಮನೆಯ ಹೊಸ್ತಿಲ ಮೇಲೆ ನಿಂತು ಐವತ್ತು ವರ್ಷದ ಹಿಂದೆ ಹೇಳಿದ್ದು. ಆಮೇಲೆ ಆ ಹೆಸರು ಅವರ ಬಾಯಲ್ಲಿ ಬಂದದ್ದು ಇದೇ ಮೊದಲು. ಅವರ ಹಣೆಯ ಮೇಲೆ ಕುಂಕುಮವಿಲ್ಲದ್ದನ್ನು ಹಂಪಮ್ಮ ನೋಡಿದಳು. ಕೊಡದಿಂದ ಒಂದು ಲೋಟ ನೀರು ತಂದು ಕೈಗೆ ಕೊಟ್ಟಳು. ಅವರು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿದ್ದು, ಖಾಲಿ ಲೋಟ ತೆಗೆದುಕೊಂಡು ಮಗಳ ಕಡೆ ತಿರುಗಿ, “ಹಚ್ಚು ನಿನ್ನ ಫೋನು” ಎಂದಳು.

ಮುಂದಿನ ಭಾನುವಾರ ಸಂಜೆ ಸಂಘದ ಕೋಣೆ ತುಂಬಿತ್ತು. ಗೋಡೆಗೆ ಬಿಳಿ ಪಂಚೆ ಕಟ್ಟಿದ್ದರು. ಹಂಪಮ್ಮ ಹೆಂಗಸರ ಸಾಲಿನ ಕೊನೆಯಲ್ಲಿ ಕುಳಿತಿದ್ದಳು. ಸಂಗಣ್ಣ ಕೆಲಸದಿಂದ ನೇರವಾಗಿ ಬಂದವನು, ಬಟ್ಟೆಯ ಸಿಮೆಂಟು ಬೇರೆಯವರಿಗೆ ಹತ್ತೀತೆಂದು ಬಾಗಿಲಲ್ಲೇ ನಿಂತಿದ್ದ. ವಿಶ್ವಜಿತ್ ಹೋಗಿ ಅವನ ಪಕ್ಕದಲ್ಲಿ ತಾನೂ ಗೋಡೆಗೆ ಒರಗಿ ನಿಂತುಕೊಂಡ, ಅವನೊಬ್ಬನೇ ನಿಂತವನಂತೆ ಕಾಣದಿರಲೆಂದು. ಭಾಗ್ಯಶ್ರೀಯ ಸರದಿ ಬಂದಾಗ ಯಾರೂ ಹೇಳದೆ ಮನೋಜ ಎದ್ದು ಗಡಗಡ ಎನ್ನುತ್ತಿದ್ದ ಫ್ಯಾನು ಆರಿಸಿ ಬಂದ. ಸೆಕೆಯಾದರೂ ಯಾರೂ ಗೊಣಗಲಿಲ್ಲ.

ಪಂಚೆಯ ಮೇಲೆ ಹಂಪಮ್ಮನ ಮುಖ ಮೂಡಿತು. “ನಾ ಹಂಪಮ್ಮ. ನಮ್ಮ ಮನಿಯವರ ಹೆಸರ ಕೇಳ್ರಿ,” ಎಂದು ಒಮ್ಮೆ ಉಸಿರೆಳೆದುಕೊಂಡಳು.

“ಮಾಳಿಗಿ ಮ್ಯಾಲ ಮಾಳಿಗಿ, ಮಂದಿ ಹಚ್ತಾರ ಬಣ್ಣ,
ದಾರ ಬಿಟ್ಟು ಗ್ವಾಡಿ ನೆಟ್ಟಗ ನಿಲ್ಲಿಸ್ಯಾರ ನಮ್ಮ ಸಂಗಣ್ಣ.
ತೋರಸಾಕ ನನ್ನ ಒಪ್ಪಿಗಿ ಐತಿ.”

ಹೆಂಗಸರು ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಆಮೇಲೆ ನೀರು, ಕಪ್ಪಾಗುವ ಗೋಡೆ, ಅಂಗೈ, ಬಿಸಿಲು. ಎರಡು ನಿಮಿಷ ಮುಗಿಯಿತು. ಭಾಗ್ಯಶ್ರೀ ಪಂಚೆಯನ್ನು ನೋಡದೆ, ಬಾಗಿಲಲ್ಲಿ ನಿಂತಿದ್ದ ಅಪ್ಪನನ್ನೇ ನೋಡುತ್ತಿದ್ದಳು.

ಸಂಗಣ್ಣ ಕೈಯಲ್ಲಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಚಿದ. ವಿಶ್ವಜಿತ್ ಕಡೆ ಬಾಗಿ, ಆದರೆ ಎಲ್ಲರಿಗೂ ಕೇಳುವಂತೆ, “ಸರ, ಮದ್ಲಿಂದ ಇನ್ನೊಮ್ಮೆ ಹಚ್ರಿ. ನಾ ಗ್ವಾಡಿ ಸರಿಯಾಗಿ ನೋಡ್ಲಿಲ್ಲ,” ಎಂದ.

ಹಂಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮುಖ ತಿರುಗಿಸಿದಳು.

ವಿಶ್ವಜಿತ್ ಅವಳನ್ನು ನೋಡಿದ, ಅಂಬುಬಾಯಿಯವರನ್ನು ನೋಡಿದ. ಈ ಸಲ ಅವನಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಮೊದಲಿನಿಂದ, ಒಡಪಿನಿಂದಲೇ ಹಾಕಿದ.